ಬೆಕ್ಕಿನ ಉಗುರು ಕತ್ತರಿಸಲು ಮನೆಗೆ ಯಾರನ್ನಾದರೂ ಕರೆಸುವ ಮುಂಚೆ ಇದನ್ನು ಓದಿ

ಬೆಕ್ಕು ಸಾಕಿರುವವರಿಗೆ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಉಗುರು ಕತ್ತರಿಸುವಾಗ ರಕ್ತ ಬಂದರೆ ಡೆಟ್ಟಾಲ್ ಹಚ್ಚಬೇಡಿ. ನೋವಿಗೆ ಅಂತ ಡೋಲೋ, ಕ್ರೋಸಿನ್ ಏನನ್ನೂ ಕೊಡಬೇಡಿ. ಕಾಲು ಮಾತ್ರೆಯೂ ಬೇಡ. ಇಷ್ಟು ಓದಿ ನಿಮ್ಮ ಕೆಲಸ ನೋಡಿಕೊಂಡರೂ ಪರವಾಗಿಲ್ಲ. ನಮ್ಮ ಬೆಕ್ಕಿಗೆ ಡೆಟ್ಟಾಲ್ ಹಚ್ಚಿದವರು, ಡೋಲೋ ಕೊಡಿ ಅಂದವರು ಪಕ್ಕದ ಮನೆಯವರಲ್ಲ. ದುಡ್ಡು ತೆಗೆದುಕೊಂಡು ಮನೆಗೆ ಬಂದ 'ಪೆಟ್ ಗ್ರೂಮಿಂಗ್ ಎಕ್ಸ್‌ಪರ್ಟ್'!

ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ, ಮೂರನೇ ಮಹಡಿ. ಕೆಂಚ ಹೊರಗೆ ತಿರುಗುವ ಬೆಕ್ಕಲ್ಲ. ಮರ ಹತ್ತಿ ಉಗುರು ಸವೆಸಿಕೊಳ್ಳುವ ಭಾಗ್ಯ ಅವನಿಗಿಲ್ಲ. ಸೋಫಾ ಕೆರೆಯುತ್ತಾನೆ. ಅದರಿಂದ ಮೇಲಿನ ಸಿಪ್ಪೆ ಉದುರಿ ಒಳಗಿನ ತುದಿ ಇನ್ನೂ ಚೂಪಾಗಿ ಹೊರಬರುತ್ತದೆ ಅಷ್ಟೇ. ಅಮ್ಮನಿಗೆ ಶುಗರ್ ಇದೆ. ಅವನು ಪ್ರೀತಿಯಿಂದ ತೊಡೆ ಏರಿ ಕೂತರೂ ಅವರಿಗೆ ಗಾಯ, ಮಾಯುವುದು ನಿಧಾನ. ಹಾಗಾಗಿ ಉಗುರು ತೆಗೆಸಲೇಬೇಕಿತ್ತು. ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ, ಆಟೋ ಹಿಡಿದು, ಮಾಗಡಿ ರೋಡ್ ಟ್ರಾಫಿಕ್ಕಿನಲ್ಲಿ ಅವನ ಕೂಗು ಕೇಳುತ್ತಾ ಕ್ಲಿನಿಕ್ಕಿಗೆ ಹೋಗುವುದಕ್ಕಿಂತ ಮನೆಗೇ ಬರುತ್ತಾರಲ್ಲ ಅಂತ ಫೋನಿನಲ್ಲಿ ಬುಕ್ ಮಾಡಿದೆವು. ಉಗುರು, ಕಿವಿ, ಮೈ ಬಾಚುವುದು ಎಲ್ಲ ಸೇರಿ 900 ರೂಪಾಯಿ.

ಬಂದ ಹುಡುಗ ಮಾತಿನಲ್ಲಿ ಚೆನ್ನಾಗಿಯೇ ಇದ್ದ. ಬ್ಯಾಗಿನಿಂದ ತೆಗೆದ ಕಟರ್ ಮಾತ್ರ ದೊಡ್ಡ ನಾಯಿಗಳದ್ದು. ಕೆಂಚ ಇನ್ನೂ ಅವನ ಚಪ್ಪಲಿ ಮೂಸುತ್ತಿದ್ದ, ಅಷ್ಟರಲ್ಲೇ ಕುತ್ತಿಗೆಯ ಹಿಂದಿನ ಚರ್ಮ ಹಿಡಿದು ಎತ್ತಿಬಿಟ್ಟ. "ಏನೂ ಆಗಲ್ಲ ಮೇಡಂ, ಅದರಮ್ಮನೂ ಹಿಂಗೇ ಅಲ್ವಾ ಎತ್ತೋದು" ಅಂದ. ತಾಯಿ ಹಾಗೆ ಎತ್ತುವುದು ಪುಟ್ಟ ಮರಿಗಳನ್ನು. ನಾಲ್ಕು ಕೆಜಿ ತೂಗುವ ಗಂಡುಬೆಕ್ಕು ಹಾಗೆ ನೇತಾಡಿದರೆ ಅದಕ್ಕೆ ನೋವು, ಹೆದರಿಕೆ ಎರಡೂ. ಕೆಂಚನ ಕಿವಿ ಹಿಂದಕ್ಕೆ ಅಂಟಿಕೊಂಡಿತು, ಬಾಲ ಪಟಪಟ ಬಡಿಯಿತು. ಬೆಕ್ಕು 'ನಿಲ್ಲಿಸು' ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳುವುದಿಲ್ಲ. ಅವನು ನಿಲ್ಲಿಸಲಿಲ್ಲ. ನನಗೆ ಹಿಂಗಾಲು ಹಿಡಿಯಲು ಹೇಳಿ ಒಂದೊಂದೇ ಉಗುರು ಕಚಕಚ ಕತ್ತರಿಸುತ್ತಾ ಹೋದ. ಒಂದು ಉಗುರನ್ನು ಬುಡಕ್ಕೇ ಕತ್ತರಿಸಿದ. ಕೆಂಚ ಕಿರುಚಿದ ಸದ್ದಿಗೆ ಕೆಳಗಿನ ಮನೆಯ ಆಂಟಿ ಮೇಲೆ ಓಡಿ ಬಂದರು. ನೆಲದ ಮೇಲೆ ರಕ್ತ, ನನ್ನ ಮಣಿಕಟ್ಟಿನ ಮೇಲೆ ಉದ್ದಕ್ಕೆ ಪರಚಿದ ಗಾಯ.

ಬೆಕ್ಕಿನ ಉಗುರನ್ನು ಬೆಳಕಿಗೆ ಹಿಡಿದರೆ ಒಳಗೆ ಗುಲಾಬಿ ಬಣ್ಣದ ಭಾಗ ಕಾಣುತ್ತದೆ. ಅದರಲ್ಲಿ ರಕ್ತನಾಳ, ನರ ಎರಡೂ ಇವೆ. ಕತ್ತರಿಸಬೇಕಾದ್ದು ಅದರಿಂದ ಸುಮಾರು 2 ಮಿಲಿಮೀಟರ್ ದೂರದಲ್ಲಿ, ಬೆಳ್ಳಗಿನ ತುದಿಯನ್ನು ಮಾತ್ರ. ಆದರೂ ಅಪ್ಪಿತಪ್ಪಿ ಒಳಗೆ ತಗಲುವುದು ಉಂಟು, ಒಳ್ಳೆಯ ಡಾಕ್ಟರ್ ಕೈಯಲ್ಲೂ. ಅದನ್ನು ನಾನು ದೊಡ್ಡದು ಮಾಡುತ್ತಿರಲಿಲ್ಲ.

ಆಮೇಲೆ ಅವನು ಮಾಡಿದ್ದೇ ಬೇರೆ. ಹತ್ತಿಯಲ್ಲಿ ಡೆಟ್ಟಾಲ್ ಅದ್ದಿ ಪಾದಕ್ಕೆಲ್ಲ ಒರೆಸಿದ, ನೀರು ಕೂಡ ಬೆರೆಸದೆ. ನಮಗೆ ಗಾಯವಾದರೆ ಹಚ್ಚುತ್ತೇವೆ ನಿಜ. ಆದರೆ ಬೆಕ್ಕು ಗಾಯವನ್ನು ನೆಕ್ಕುತ್ತದೆ. ಹಚ್ಚಿದ್ದೆಲ್ಲ ಹೊಟ್ಟೆಗೇ. ಈ ಬಗೆಯ ಔಷಧಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ನೀರಿಗೆ ಹಾಕಿದ ಕೂಡಲೇ ಬೆಳ್ಳಗಾಗುವ ಫಿನಾಯಿಲ್‌ನಂಥವೂ ಇದೇ ಜಾತಿ. ನೆಲ ಒರೆಸುವವರು ಗಮನಿಸಿ. ಟೀ ಟ್ರೀ ಎಣ್ಣೆಯೂ ಬೆಕ್ಕಿಗೆ ವಿಷವೇ, 'ನ್ಯಾಚುರಲ್' ಅಂತ ಎಷ್ಟು ದೊಡ್ಡದಾಗಿ ಬರೆದಿದ್ದರೂ.

ಹೊರಡುವಾಗ ಇನ್ನೊಂದು ಮಾತು ಹೇಳಿದ. "ನೋವಿದ್ರೆ ಅರ್ಧ ಡೋಲೋ ಪುಡಿ ಮಾಡಿ ಹಾಲಲ್ಲಿ ಹಾಕಿ ಕೊಡಿ ಮೇಡಂ, ಮಲ್ಕೊಂಡ್ಬಿಡ್ತದೆ." ಅಮ್ಮ ಆಗಲೇ ಮಾತ್ರೆ ಡಬ್ಬಿ ತೆಗೆದಿದ್ದರು. ನಾನು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಲೂ ಇಲ್ಲ. "ಕೊಟ್ಟಿದ್ದೀರಾ, ಇಲ್ವಾ? ಅದನ್ನ ಮೊದಲು ಹೇಳಿ" ಅಂತ ರೇಗಿದರು. ಡೋಲೋ, ಕ್ರೋಸಿನ್‌ಗಳಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿನ ಹೊಟ್ಟೆ ಸೇರಿದರೆ ಅದರ ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ. ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ, ಉಸಿರಾಟ ಕಷ್ಟವಾಗುತ್ತದೆ. ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ಯಾರಾದರೂ ಗೊತ್ತಿಲ್ಲದೆ ಕೊಟ್ಟಿದ್ದರೆ ಲಕ್ಷಣಕ್ಕಾಗಿ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ. ಬೇಗ ಹೋದರೆ ಮದ್ದಿದೆ.

ಸಂಜೆ ಹೊತ್ತಿಗೆ ಕೆಂಚ ಜೊಲ್ಲು ಸುರಿಸುತ್ತಿದ್ದ. ಕೊನೆಗೆ ಅದೇ ಬುಟ್ಟಿ, ಅದೇ ಆಟೋ, ಅದೇ ಮಾಗಡಿ ರೋಡ್. ಡಾಕ್ಟರ್ ಪಾದ ತೊಳೆದು, ಬಾಯಿ ನೋಡಿ, ಇಂಜೆಕ್ಷನ್ ಕೊಟ್ಟರು. ಇನ್ನೊಂದು ಉಗುರು ಉದ್ದಕ್ಕೆ ಸೀಳಿತ್ತು. ಅಳತೆಗೆ ಸರಿಯಿಲ್ಲದ, ಮೊಂಡಾದ ಕಟರ್ ಉಗುರನ್ನು ಕತ್ತರಿಸುವ ಬದಲು ಜಜ್ಜುತ್ತದೆ ಅಂದರು. ನಮ್ಮ ಮನೆಗಳ ನೇಲ್ ಕಟರ್ ಕೂಡ ಅದನ್ನೇ ಮಾಡುತ್ತದಂತೆ.

ರಕ್ತ ಬಂದರೆ ಮಾಡಬೇಕಾದ್ದು ಇಷ್ಟೇ. ಶುಭ್ರವಾದ ಬಟ್ಟೆಯಲ್ಲಿ ಕೆಲವು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ತೆಗೆದು ನೋಡಬೇಡಿ. ಉಗುರಿನ ತುದಿಗೆ ಕಾರ್ನ್‌ಫ್ಲೋರ್ ಒತ್ತಿದರೂ ನಿಲ್ಲುತ್ತದೆ. ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪೌಡರ್ ಅಂತಲೇ ಸಿಗುತ್ತದೆ. ಮನೆಗೆ ಬರುವವರ ಬ್ಯಾಗಿನಲ್ಲಿ ಅದು ಇದೆಯಾ ಅಂತ ಮೊದಲೇ ಕೇಳಿ. ನನ್ನ ಪ್ರಕಾರ ಈ ಒಂದು ಪ್ರಶ್ನೆಗೇ ಅರ್ಧ ಜನ ಸಿಕ್ಕಿಬೀಳುತ್ತಾರೆ. ಬೆಕ್ಕಿನದೇ ಚಿಕ್ಕ ಕಟರ್ ತರದವರನ್ನು, ಕುತ್ತಿಗೆ ಹಿಡಿದು ಎತ್ತುವವರನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ಎಲ್ಲ ಉಗುರನ್ನೂ ಒಂದೇ ದಿನ ಮುಗಿಸಬೇಕು ಅಂತೇನೂ ಇಲ್ಲ. ಬೆಕ್ಕು ನಿದ್ದೆಗಣ್ಣಿನಲ್ಲಿದ್ದಾಗ ಬೆರಳನ್ನು ಮೆಲ್ಲಗೆ ಒತ್ತಿದರೆ ಉಗುರು ತಾನೇ ಹೊರಬರುತ್ತದೆ. ಇವತ್ತು ಎರಡು, ನಾಳೆ ಎರಡು. ಮುಂಗಾಲಿನ ಒಳಬದಿಯಲ್ಲಿ ಸ್ವಲ್ಪ ಮೇಲಿರುವ ಹೆಬ್ಬೆರಳಿನ ಉಗುರನ್ನು ಮಾತ್ರ ಮರೆಯಬೇಡಿ. ಅದು ನೆಲಕ್ಕೆ ತಾಗುವುದಿಲ್ಲ, ಸವೆಯುವುದೂ ಇಲ್ಲ. ಬಾಗಿ ಬೆಳೆದು ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ. ವಯಸ್ಸಾದ ಬೆಕ್ಕುಗಳಲ್ಲಿ ಇದು ಜಾಸ್ತಿ.

ನಿಮ್ಮ ಕೈ ಪರಚಿ ರಕ್ತ ಬಂದರೆ ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಆಮೇಲೆ ಡಾಕ್ಟರಿಗೆ ತೋರಿಸಿ. ಬೆಕ್ಕಿಗೆ ರೇಬೀಸ್ ಲಸಿಕೆ ಹಾಕಿಸಿದ ಕಾರ್ಡ್ ಜೊತೆಗಿರಲಿ.

ಹುಡುಗನನ್ನು ಕಳಿಸಿದ ಕಂಪನಿಗೆ ಫೋಟೊ, ಬಿಲ್ ಎಲ್ಲ ಕಳಿಸಿದೆವು. ಮೊದಲು ಬಂದ ಉತ್ತರ 'ನಿಮ್ಮ ಅನಿಸಿಕೆಗೆ ಧನ್ಯವಾದ', ಜೊತೆಗೆ ಮುಂದಿನ ಸಲಕ್ಕೆ ರಿಯಾಯಿತಿ ಕೂಪನ್! ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ 900 ರೂಪಾಯಿ ವಾಪಸ್ ಬಂತು. ಕ್ಲಿನಿಕ್ಕಿನ ಖರ್ಚು ಬಂದಿಲ್ಲ. ಆ ಹುಡುಗನಿಗೆ ಬೆಕ್ಕು ಹಿಡಿಯುವುದನ್ನು ಯಾರು ಕಲಿಸಿದರು ಅಂತ ಕೇಳಿದ್ದಕ್ಕೆ ಉತ್ತರವೂ ಇಲ್ಲ.