ಅಪ್ಪನ ಸಹಿ ಸಿಗದ ಹುಡುಗಿ ಮತ್ತು ನಮ್ಮೂರ ಪುಕ್ಕಟೆ ಕಾನೂನು ಕ್ಲಿನಿಕ್

ನಾಲ್ಕು ಸ್ಟಾರ್. ಐದನೆಯದು ಯಾಕಿಲ್ಲ ಅಂತ ಆಮೇಲೆ ಹೇಳುತ್ತೇನೆ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಆಚೆ, ಒಂದು ಪಂಚಾಯತ್ ಕಟ್ಟಡದ ಮೂಲೆ ಕೋಣೆಯಲ್ಲಿ ಕೂರುವ ಉಚಿತ ಕಾನೂನು ನೆರವು ಕ್ಲಿನಿಕ್ ಬಗ್ಗೆ ಇದು. ಒಂದು ಮೇಜು, ಮೂರು ಕುರ್ಚಿ, ಒಬ್ಬ ವಕೀಲೆ, ಕಾನೂನು ಕೆಲಸಕ್ಕೆ ಕೈಜೋಡಿಸುವ ಸ್ವಯಂಸೇವಕರು, ಅಂದರೆ ಪ್ಯಾರಾ ಲೀಗಲ್ ವಾಲಂಟಿಯರ್, ಒಬ್ಬರು. ಅಷ್ಟೇ.

ಹೋದದ್ದು ಅಕ್ಕನ ಮಗಳ ಕೆಲಸಕ್ಕೆ. ಅವಳಿಗೆ ಪ್ರಾಯ ಹದಿನೇಳು ದಾಟಿದೆ, ಯಕ್ಷಗಾನದಲ್ಲಿ ಪುಂಡುವೇಷ ಮಾಡುತ್ತಾಳೆ, ಮಕ್ಕಳ ತಂಡಕ್ಕೆ ಗಲ್ಫಿನ ಕನ್ನಡದವರಿಂದ ಕರೆ ಬಂತು, ಪಾಸ್‌ಪೋರ್ಟ್ ಬೇಕಾಯಿತು. ಭಾವ ಮನೆ ಬಿಟ್ಟು ಆರು ವರ್ಷ. ಎಲ್ಲಿದ್ದಾರೆ ಗೊತ್ತಿಲ್ಲ. ಡೈವೋರ್ಸ್ ಆಗಿಲ್ಲ, ಅಕ್ಕನಿಗೆ ಆ ಮಾತೇ ಬೇಡ.

ಮೊದಲು ಹೋದದ್ದು ಪೇಟೆಯ ಒಂದು ಏಜೆಂಟ್ ಅಂಗಡಿಗೆ. ಹೆಸರು ಬೇಡ. ಅಪ್ಪನ ಸಹಿ ಇಲ್ಲದೆ ಆಗುವುದೇ ಇಲ್ಲ, ಇಲ್ಲದಿದ್ದರೆ ಕೋರ್ಟಿನಿಂದ ಆರ್ಡರ್ ತರಬೇಕು, ಸ್ಟಾಂಪ್ ಪೇಪರ್, ನೋಟರಿ, ಎಲ್ಲ ಸೇರಿ ಆರು ಸಾವಿರ ಅಂದ. ಅಕ್ಕ ಅಲ್ಲೇ ಕಣ್ಣೊರೆಸಿಕೊಂಡಳು. ಹುಡುಗಿ ಮಾತ್ರ ಬಸ್ಸಿನಲ್ಲಿ ಮೊಬೈಲ್ ತಿಕ್ಕುತ್ತಾ ಬಂದು, 'ಮಾವಾ, ಅಮೆರಿಕದಲ್ಲಿ ಕೋರ್ಟಿಗೆ ಹೋಗಿ ನಾನು ದೊಡ್ಡವಳು ಅಂತ ಬರೆಸಿಕೊಳ್ಳಬಹುದಂತೆ, ಇಲ್ಲಿ ಆಗುವುದಿಲ್ವಾ?' ಅಂದಳು. ಆ ಪ್ರಶ್ನೆಯನ್ನೇ ಹಿಡಿದುಕೊಂಡು ಕ್ಲಿನಿಕ್ಕಿಗೆ ಹೋದೆವು.

ವಕೀಲೆ ನಗಲಿಲ್ಲ. ನನಗೆ ಅದೇ ಹಿಡಿಸಿದ್ದು. ಹುಡುಗಿಯನ್ನೇ ಎದುರಿಗೆ ಕೂರಿಸಿ ಹೇಳಿದರು: ನೀನು ಓದಿದ್ದು ಸರಿ. ಕ್ಯಾಲಿಫೋರ್ನಿಯಾದಲ್ಲಿ 14 ತುಂಬಿದ ಮಗು ಕೋರ್ಟಿಗೆ ಅರ್ಜಿ ಹಾಕಬಹುದು. ಆದರೆ ಅಪ್ಪ ಅಮ್ಮನಿಂದ ಬೇರೆಯಾಗಿ ಬದುಕುತ್ತಿರಬೇಕು, ಅದಕ್ಕೆ ಅವರ ಒಪ್ಪಿಗೆ ಇರಬೇಕು, ಇಲ್ಲವೇ ಅವರು ತಡೆಯದೆ ಸುಮ್ನಿರಬೇಕು, ದುಡ್ಡಿನ ವ್ಯವಹಾರ ತಾನೇ ನೋಡಿಕೊಳ್ಳುತ್ತಿರಬೇಕು. ನಮ್ಮ ದೇಶದಲ್ಲಿ ಅಂಥ ದಾರಿಯೇ ಇಲ್ಲ. 1875ರ ಮೆಜಾರಿಟಿ ಆ್ಯಕ್ಟ್ ಪ್ರಕಾರ 18 ತುಂಬಬೇಕು, ಮುಗಿಯಿತು. ಅಪ್ಪ ಅಮ್ಮ ಒಪ್ಪಿದರೂ ಒಂದು ದಿನ ಮುಂಚೆ ಆಗುವುದಿಲ್ಲ. 1999ರ ವರೆಗೆ ಇನ್ನೂ ಕಷ್ಟ ಇತ್ತಂತೆ, ಕೋರ್ಟು ನೇಮಿಸಿದ ಗಾರ್ಡಿಯನ್ ಇದ್ದ ಮಕ್ಕಳು 21 ಆಗುವ ತನಕ ಕಾಯಬೇಕಿತ್ತು.

ಹುಡುಗಿಯ ಮುಖ ಸಣ್ಣದಾಯಿತು. ಆಗ ಅವರು, 'ನೀನು ದೊಡ್ಡವಳಾಗಬೇಕಾಗಿಲ್ಲ ಮಗಾ, ಅಮ್ಮನ ಸಹಿ ಸಾಕು' ಅಂದರು.

ಪಾಸ್‌ಪೋರ್ಟಿಗೆ ಅಪ್ಪ ಅಮ್ಮ ಇಬ್ಬರೂ ಒಪ್ಪಿದರೆ ಅರ್ಜಿಯ ಜೊತೆ ಕೊಡುವ ಘೋಷಣೆ ಅನೆಕ್ಶರ್ ಡಿ. ಒಬ್ಬರ ಒಪ್ಪಿಗೆ ಸಿಗದಿದ್ದರೆ ಅನೆಕ್ಶರ್ ಸಿ, ಅದರಲ್ಲಿ ಯಾಕೆ ಸಿಗಲಿಲ್ಲ ಅಂತ ಇನ್ನೊಬ್ಬರು ಬರೆದು ಸಹಿ ಹಾಕಬೇಕು. 2016ರ ಡಿಸೆಂಬರಿನಿಂದ ಇದಕ್ಕೆಲ್ಲ ಬಿಳಿ ಹಾಳೆ ಸಾಕು, ನೋಟರಿ ಬೇಡ. ಆರು ಸಾವಿರದ ಕಥೆ ಅಲ್ಲೇ ಮುಗಿಯಿತು! ಇನ್ನೊಂದು ವಿಷಯ ನನಗೂ ಗೊತ್ತಿರಲಿಲ್ಲ. ಮಕ್ಕಳ ಸಾವಿರ ರೂಪಾಯಿಯ ಪಾಸ್‌ಪೋರ್ಟ್ ಐದು ವರ್ಷಕ್ಕೆ, ಅದಕ್ಕೂ ಮೊದಲು 18 ತುಂಬಿದರೆ ಆ ದಿನವೇ ಮುಗಿಯುತ್ತದೆ, 15 ದಾಟಿದವರು 1500 ಕಟ್ಟಿ ಹತ್ತು ವರ್ಷದ್ದನ್ನೇ ತೆಗೆದುಕೊಳ್ಳಬಹುದು. ಐನೂರಕ್ಕೆ ಚೌಕಾಸಿ ಮಾಡುತ್ತಿದ್ದರೆ ಎಂಟು ತಿಂಗಳಿಗೆ ಮತ್ತೆ ಪಯ್ಯನ್ನೂರಿನ ಪಾಸ್‌ಪೋರ್ಟ್ ಕೇಂದ್ರಕ್ಕೆ ಓಡಬೇಕಿತ್ತು.

ಅಕ್ಕನಿಗೆ ಇನ್ನೂ ಅನುಮಾನ. ಗಂಡ ಬದುಕಿರುವಾಗ ತಾನು ಹೇಗೆ ಗಾರ್ಡಿಯನ್? ವಕೀಲೆ 1999ರ ಸುಪ್ರೀಂ ಕೋರ್ಟ್ ತೀರ್ಪು ಹೇಳಿದರು, ಗೀತಾ ಹರಿಹರನ್ ಕೇಸು. ಮಗನ ಹೆಸರಿನ ಬಾಂಡ್ ಅರ್ಜಿಗೆ ತಾಯಿ ಸಹಿ ಹಾಕಿದ್ದನ್ನು ರಿಸರ್ವ್ ಬ್ಯಾಂಕ್ ಒಪ್ಪದೆ ಶುರುವಾದದ್ದು. ಹಿಂದೂ ಮಕ್ಕಳ ಗಾರ್ಡಿಯನ್ ಯಾರು ಅಂತ ಹೇಳುವ 1956ರ ಕಾನೂನಿನಲ್ಲಿ 'ತಂದೆ, ಅವನ ನಂತರ ತಾಯಿ' ಅಂತ ಇದೆ, ಆ 'ನಂತರ' ಅಂದರೆ ಅವನು ಸತ್ತ ಮೇಲೆ ಅಂತಲ್ಲ, ಅವನು ಇಲ್ಲದಾಗ, ಮಗುವನ್ನು ನೋಡಿಕೊಳ್ಳದಿದ್ದಾಗ ಅಂತಲೂ ಆಗುತ್ತದೆ ಅಂತ ಕೋರ್ಟ್ ಹೇಳಿತಂತೆ. ಅಕ್ಕ ಆ ಮಾತನ್ನು ಎರಡು ಸಲ ಹೇಳಿಸಿಕೊಂಡಳು.

ಮಾತಿನ ನಡುವೆ ತೋಟದ ವಿಷಯವೂ ಬಂತು. ಅಜ್ಜಿ ಹುಡುಗಿಯ ಹೆಸರಿಗೆ ಬರೆದ ಮೂವತ್ತು ಸೆಂಟ್ಸ್ ಕಂಗಿನ (ಅಡಿಕೆ) ತೋಟ ಇದೆ, ಮಾರಿಬಿಡಿ ಅಂತ ಬೇಲಿಯಾಚೆಯವರ ಒತ್ತಾಯ. ಕೋರ್ಟಿನ ಅನುಮತಿ ಇಲ್ಲದೆ ತಾಯಿಯೂ ಮಾರುವ ಹಾಗಿಲ್ಲ, ಮಾರಿದರೆ ನಾಳೆ ಹುಡುಗಿಯೇ ರದ್ದು ಮಾಡಿಸಬಹುದು, 18 ತುಂಬಿ ಮೂರು ವರ್ಷದೊಳಗೆ ಕೇಸು ಹಾಕಬೇಕು ಅಷ್ಟೆ. ಬೇಲಿಯಾಚೆಯವರಿಗೆ ಇದನ್ನು ಹೇಳುವ ಕೆಲಸ ನನ್ನ ತಲೆಗೆ ಬಿತ್ತು.

ಸ್ಕೂಟರ್ ಬಗ್ಗೆ ನಾನೇ ಕೇಳಿದೆ, ಬೈಸಿಕೊಂಡೆ. 16ಕ್ಕೆ ಮನೆಯವರ ಒಪ್ಪಿಗೆ ಮೇಲೆ ಲೈಸೆನ್ಸ್ ಸಿಗುವುದು 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ ಮಾತ್ರ. ನಮ್ಮ ಮನೆಯಲ್ಲಿರುವುದು 110. ಲೈಸೆನ್ಸ್ ಇಲ್ಲದ ಮಗುವಿನ ಕೈಗೆ ಅದನ್ನು ಕೊಟ್ಟು, ಓಡಿಸುವಾಗ ಸಿಕ್ಕಿಬಿದ್ದರೆ 25,000 ದಂಡ, ಮೂರು ವರ್ಷದವರೆಗೆ ಜೈಲು, ಅದೂ ಕೊಟ್ಟವರಿಗೆ.

ಖರ್ಚು ಸೊನ್ನೆ. ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಪುಕ್ಕಟೆ ಕಾನೂನು ನೆರವು ಕೊಡಬೇಕು ಅಂತ 1987ರ ಕಾನೂನೇ ಇದೆ. ಇದು ಊರಲ್ಲಿ ಎಷ್ಟು ಜನಕ್ಕೆ ಗೊತ್ತು?

ಈಗ ಕಳೆದ ಸ್ಟಾರ್. ಹತ್ತಕ್ಕೆ ಅಂದವರು ಬಂದದ್ದು ಹನ್ನೊಂದೂಕಾಲಕ್ಕೆ. ಬೋರ್ಡು, ರಿಜಿಸ್ಟರ್, ಅರ್ಜಿ ಎಲ್ಲ ಮಲಯಾಳದಲ್ಲಿ. 'ಪ್ರಾಯಪೂರ್ತಿ' ಅಂದರೆ ವಯಸ್ಸಿಗೆ ಬಂದದ್ದು ಅಂತ ಹೇಗೋ ತಿಳಿಯಿತು, 'ರಕ್ಷಿತಾವ್' (ಗಾರ್ಡಿಯನ್) ಅಂದಲ್ಲಿ ಅಕ್ಕ ನಿಂತುಬಿಟ್ಟಳು. ಕನ್ನಡ ಶಾಲೆಯಲ್ಲಿ ಕಲಿತವರೇ ಜಾಸ್ತಿ ಇರುವ ಊರು ಇದು, ಒಂದು ಕನ್ನಡ ಅರ್ಜಿ ಅಚ್ಚು ಹಾಕಿಸುವುದು ದೊಡ್ಡ ಕೆಲಸ ಅಲ್ಲ, ಅಲ್ವಾ? ಮಾತು ಮಾತ್ರ ಕನ್ನಡದಲ್ಲೇ ಆಯಿತು, ಮಧ್ಯೆ ತುಳುವೂ ಬಂತು.

ಹೋಗುವವರು ಮಗುವಿನ ಜನನ ಪ್ರಮಾಣಪತ್ರ, ತಾಯಿಯ ಆಧಾರ್, ಎರಡೆರಡು ಝೆರಾಕ್ಸ್ ಒಯ್ಯಿರಿ. ಹತ್ತಿರದ ಝೆರಾಕ್ಸ್ ಅಂಗಡಿ ಮಧ್ಯಾಹ್ನ ಮುಚ್ಚಿರುತ್ತದೆ.