ಸಡಿಲ ಹುಡ್ಡೋ, ಬಿಗಿ ಮಾಸ್ಕೋ?

ಆಸ್ಪತ್ರೆ ವಾರ್ಡ್ ಒರೆಸುವವರಿಗೆ ಬ್ಯಾಟರಿ ಫ್ಯಾನಿನ ರೆಸ್ಪಿರೇಟರ್ (ಫಿಲ್ಟರ್ ದಾಟಿಸಿದ ಗಾಳಿಯನ್ನು ಫ್ಯಾನಿನಿಂದ ಮುಖಕ್ಕೆ ಬಿಡುವ ಸಾಧನ) ಕೊಳ್ಳುತ್ತಿದ್ದೀರಾ? ಮೊದಲು ಗಾಳಿಯ ಲೆಕ್ಕ ನೋಡಿ. ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಸರ್ಕಾರಿ ಸಂಸ್ಥೆ ನಿಯೋಶ್‌ನ ನಿಯಮದಲ್ಲಿ ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್‌ಗೆ ನಿಮಿಷಕ್ಕೆ ಕನಿಷ್ಠ 115 ಲೀಟರ್, ತಲೆ ಮುಚ್ಚುವ ಸಡಿಲ ಹುಡ್‌ಗೆ 170 ಲೀಟರ್. ಹುಡ್‌ಗೆ ಯಾಕೆ ಜಾಸ್ತಿ? ಅದರ ಅಂಚಲ್ಲಿ ಸಂದು ಇರುತ್ತದೆ. ಒಳಗಿನ ಗಾಳಿ ಸದಾ ಹೊರಗೆ ತಳ್ಳುತ್ತಿದ್ದರೆ ಮಾತ್ರ ಹೊರಗಿನದು ನುಗ್ಗುವುದಿಲ್ಲ.

ತುಂಬಿದ ಬಕೆಟ್ ಎತ್ತಿ, ಬಗ್ಗಿ ಮಂಚದಡಿ ಮಾಪ್ ಎಳೆಯುವಾಗ ಉಸಿರು ಜೋರಾಗುತ್ತದೆ ಅಲ್ವಾ? ಆ ಕ್ಷಣ ನಾವು ಎಳೆದುಕೊಳ್ಳುವ ಗಾಳಿ ಫ್ಯಾನ್ ಕೊಡುವುದನ್ನು ಮೀರಬಹುದು. ಬಿಗಿ ಮಾಸ್ಕ್ ಸರಿಯಾಗಿ ಕೂತಿದ್ದರೆ ಆಗಲೂ ಗಾಳಿ ಫಿಲ್ಟರ್ ದಾಟಿಯೇ ಬರುತ್ತದೆ. ಹುಡ್‌ನಲ್ಲಿ ಸಂದಿಯಿಂದ ನುಸುಳಬಹುದು.

ಆದರೆ ಬಿಗಿ ಮಾಸ್ಕ್‌ಗೆ ಫಿಟ್ ಟೆಸ್ಟ್ (ಮುಖಕ್ಕೆ ಸಂದಿಲ್ಲದೆ ಕೂರುತ್ತದೆಯೇ ಎಂಬ ಪರೀಕ್ಷೆ) ಆಗಬೇಕು, ಗಡ್ಡ ಇರಬಾರದು. ಇಡೀ ಪಾಳಿ ಹಾಕಿಕೊಂಡರೆ ಮೂಗಿನ ಮೇಲೆ ಗುರುತು ಬೀಳುತ್ತದೆ. ಪೂರ್ತಿ ಸಡಿಲ ಹುಡ್‌ಗೆ ಈ ಕಾಟವಿಲ್ಲ. ದಿನವಿಡೀ ಒರೆಸುವವರಿಗೆ ನಾನು ಹುಡ್ಡನ್ನೇ ಹೇಳುತ್ತೇನೆ, ಆದರೆ 170ಕ್ಕಿಂತ ಹೆಚ್ಚಿನ ವೇಗದ ಸೆಟ್ಟಿಂಗ್ ಇರಲೇಬೇಕು.

ಯಾವುದೇ ತಗೊಳ್ಳಿ, ಹಾಕುವ ಮೊದಲು ಕಂಪನಿ ಹೇಳಿದಂತೆ ಗಾಳಿಯ ಹರಿವು ಪರೀಕ್ಷಿಸಿ. ಇನ್ನೊಂದು ಮಾತು: ಕಣ ತಡೆಯುವ ಫಿಲ್ಟರ್ ಬ್ಲೀಚ್ ಹಬೆಯನ್ನು ತಡೆಯುವುದಿಲ್ಲ.