ಕರಿ ತಟ್ಟೆ, ಬಿಳಿ ತಟ್ಟೆ: ಹವ್ಯಾಸಿ ಡಿಜೆಯೊಬ್ಬನ ಹನ್ನೆರಡು ವರ್ಷಗಳ ಬಳಕೆ

ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಒಂದು ಉದ್ದನೆಯ ಮೇಜಿದೆ. ಅದರ ಎರಡು ತುದಿಗೆ ರೆಕಾರ್ಡ್ ತಿರುಗಿಸುವ ಎರಡು ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್‌ಗಳು, ಅವುಗಳ ಒಳಮಗ್ಗುಲಿಗೆ ಎರಡು ಸಿಡಿ ಪ್ಲೇಯರ್‌ಗಳು, ನಟ್ಟನಡುವೆ ಹಾಡುಗಳ ಸದ್ದನ್ನು ಬೆರೆಸುವ ಮಿಕ್ಸರ್. ಟರ್ನ್‌ಟೇಬಲ್‌ಗಳು 2012ರಲ್ಲಿ ಬಂದವು, ಸಿಡಿ ಪ್ಲೇಯರ್‌ಗಳು 2014ರಲ್ಲಿ. ಎರಡು ಜೋಡಿಗಳನ್ನೂ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಸಿಡಿ ಪ್ಲೇಯರ್ ಯಾವ ಕಂಪನಿಯದೆಂದು ಹೇಳುವುದಿಲ್ಲ. ಮುಂದೆ ಅದರ ಮೇಲೆ ಒಂದೆರಡು ದೂರು ಹೇಳುವುದಿದೆ. ನಾನು ವಿಮಾ ಕಚೇರಿಯ ನೌಕರ. ಡಿಜೆ ಎಂಬ ಬಿರುದು ಶನಿವಾರ ರಾತ್ರಿಗೆ ಮಾತ್ರ, ಅದೂ ನೆಂಟರ ಆರತಕ್ಷತೆ, ಗೆಳೆಯರ ಮಕ್ಕಳ ಹುಟ್ಟುಹಬ್ಬ, ಬಡಾವಣೆಯ ಹೊಸ ವರ್ಷದ ರಾತ್ರಿ, ಇಷ್ಟಕ್ಕೇ.

ಈ ಕೋಣೆಗೆ ಬರುವ ಹೊಸಬರೆಲ್ಲ ಕೇಳುವುದು ಒಂದೇ ಪ್ರಶ್ನೆ: ಕಲಿಯುವುದಾದರೆ ರೆಕಾರ್ಡೋ, ಸಿಡಿಯೋ? ಅವಸರದಲ್ಲಿರುವವರು ಉತ್ತರ ತೆಗೆದುಕೊಂಡು ಹೊರಡಬಹುದು: ಸಿಡಿ. ನಾನು ಮಾತ್ರ ಮೊದಲು ರೆಕಾರ್ಡಿಗೆ ದುಡ್ಡು ಸುರಿದು ಆಮೇಲೆ ಸಿಡಿಗೆ ಬಂದವನು. ಕೈ ಸುಟ್ಟುಕೊಂಡವನ ಉತ್ತರವಿದು ಎಂದಿಟ್ಟುಕೊಳ್ಳಿ.

ಪೆನ್‌ಡ್ರೈವ್ ಕಾಲದಲ್ಲಿ ಸಿಡಿ ಯಾರಿಗೆ ಬೇಕು ಎನ್ನುವವರಿದ್ದಾರೆ. ನಿಜ, 2020ರಲ್ಲಿ ಬಂದ ಪಯೋನಿಯರ್ ಡಿಜೆ ಕಂಪನಿಯ ಸಿಡಿಜೆ-3000 ಪ್ಲೇಯರಿನಲ್ಲಿ ಸಿಡಿ ಹಾಕುವ ಬಾಯಿಯೇ ಇಲ್ಲ. ಹೆಸರಿನಲ್ಲಿ ಮಾತ್ರ ಸಿಡಿ ಉಳಿದಿದೆ. ಆದರೆ ದೊಡ್ಡ ಡಿಜೆಗಳು ಹಳೆಯದನ್ನು ಬಿಟ್ಟು ಮುಂದೆ ಹೋದದ್ದರಿಂದಲೇ ನಮ್ಮಂಥವರಿಗೆ ಅವು ಕೈಗೆಟುಕುವ ಬೆಲೆಗೆ ಬಂದವು.

ನನ್ನ ಮೊದಲ ತಪ್ಪು, ಟರ್ನ್‌ಟೇಬಲ್ ಎಂದರೆ ಎಲ್ಲವೂ ಒಂದೇ ಎಂದುಕೊಂಡದ್ದು. 2011ರ ದಸರೆಗೆ ಬಂದ ಬೋನಸ್ಸಿನಲ್ಲಿ ಹೊಳೆಯುವ ಒಂದು ಹೊಸ ಟರ್ನ್‌ಟೇಬಲ್ ತಂದೆ. ಹಾಡು ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಡಿಜೆ ಕೆಲಸಕ್ಕೆ ಮಾತ್ರ ಬರಲಿಲ್ಲ. ಅದರ ಮೋಟರಿನಿಂದ ತಟ್ಟೆಗೆ ಒಂದು ರಬ್ಬರ್ ಬೆಲ್ಟ್, ಹಳೆಯ ಹೊಲಿಗೆ ಯಂತ್ರದ ಹಾಗೆ. ರೆಕಾರ್ಡನ್ನು ಬೆರಳಲ್ಲಿ ತಡೆದು ಬಿಟ್ಟರೆ ಬೆಲ್ಟ್ ಜಾರಿ, ಹಾಡು ನಿದ್ದೆಯಿಂದ ಏಳುವವನಂತೆ ನರಳುತ್ತ ವೇಗಕ್ಕೆ ಬರುತ್ತಿತ್ತು. ಹಿಂದಕ್ಕೆ ಮುಂದಕ್ಕೆ ಆಡಿಸುವುದಂತೂ ದೂರದ ಮಾತು. ಮೂರೇ ತಿಂಗಳಲ್ಲಿ ಅದು ಮಾವನವರ ಪಾಲಾಯಿತು. ಅವರು ಇವತ್ತಿಗೂ ಅದರಲ್ಲಿ ಪಿ. ಬಿ. ಶ್ರೀನಿವಾಸ್ ಕೇಳುತ್ತಾರೆ, ಅದು ಹುಟ್ಟಿದ್ದೇ ಅದಕ್ಕೆ.

ಡಿಜೆಗೆ ಬೇಕಾದದ್ದು ಡೈರೆಕ್ಟ್ ಡ್ರೈವ್: ಬೆಲ್ಟ್ ಇಲ್ಲ, ತಟ್ಟೆಯನ್ನು ಮೋಟರೇ ನೇರವಾಗಿ ತಿರುಗಿಸುತ್ತದೆ. ಎಸ್‌ಎಲ್-1200 ಅನ್ನು 1972ರಲ್ಲಿ ಜಪಾನಿನ ಮತ್ಸುಶಿತ ಕಂಪನಿ ತಂದದ್ದು ಮನೆಯಲ್ಲಿ ಕುಳಿತು ಕೇಳುವವರಿಗಾಗಿ. ಅದನ್ನು ತಮ್ಮದಾಗಿಸಿಕೊಂಡವರು ಡಿಜೆಗಳು. ಮುಂದೆ ಬಂದ ಎಂಕೆ2 ಮಾದರಿಯಲ್ಲಿ ವೇಗ ಬದಲಿಸಲು ಉದ್ದನೆಯ ಜಾರುಗುಂಡಿ ಸಿಕ್ಕಿತು. ಶೇಕಡಾ 8ರಷ್ಟು ಮೇಲೆ, 8ರಷ್ಟು ಕೆಳಗೆ. ಸ್ಟಾರ್ಟ್ ಒತ್ತಿದ 0.7 ಸೆಕೆಂಡಿನಲ್ಲಿ ಪೂರ್ಣ ವೇಗ. ನನ್ನ ಜೋಡಿ ಬೆಂಗಳೂರಿನಲ್ಲಿ ಬಾಗಿಲು ಮುಚ್ಚಿದ ಒಂದು ಹೋಟೆಲಿನ ಡಿಸ್ಕೋದಿಂದ ಬಂದದ್ದು. ಒಂದೊಂದೂ ಹತ್ತು ಕಿಲೋ ಮೀರಿದ ತೂಕ. ಹನ್ನೆರಡು ವರ್ಷಗಳಲ್ಲಿ ನಾನು ಅವಕ್ಕೆ ಮಾಡಿದ ಉಪಚಾರ ಧೂಳು ಒರೆಸಿದ್ದು, ಹಿಂದಿನ ತಂತಿಗಳನ್ನು ಒಮ್ಮೆ ಬದಲಿಸಿದ್ದು, ಅಷ್ಟೆ. ಯಂತ್ರದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ಮೇಲೆ ಇಡಬೇಕಾದ ರೆಕಾರ್ಡುಗಳ ಲೆಕ್ಕಾಚಾರದ ಮೇಲೆ.

ಹೊಸಬರಿಗೆ ಯಾರೂ ಹೇಳದ ಸಂಗತಿ ಇದು. ಆಟ ಕಲಿಯಲು ಯಂತ್ರ ಸಾಲದು, ಹಾಡುಗಳು ಬೇಕು, ಅದೂ ಮಿಕ್ಸ್ ಮಾಡಲು ಬರುವ ಹಾಡುಗಳು. ಡಿಜೆಗಳಿಗೆಂದೇ ಬರುವ 12 ಇಂಚಿನ ಸಿಂಗಲ್‌ಗಳಲ್ಲಿ ಮೊದಲಿಗೂ ಕೊನೆಗೂ ಬರೀ ತಾಳವಿರುತ್ತದೆ, ಒಂದರ ಬಾಲಕ್ಕೆ ಇನ್ನೊಂದರ ತಲೆ ಜೋಡಿಸಲೆಂದೇ. ಅವು ವಿದೇಶದಿಂದ ಬರಬೇಕು. ಅಂಚೆ, ಸುಂಕ ಎಲ್ಲ ಸೇರಿ ಒಂದೊಂದಕ್ಕೆ ನಾನು ಸಾವಿರದ ಇನ್ನೂರರಿಂದ ಎರಡು ಸಾವಿರದವರೆಗೆ ಕೊಟ್ಟಿದ್ದೇನೆ. ಎರಡು ಬದಿ, ಎರಡು ಹಾಡು. ಮೊದಲ ವರ್ಷದ ಕೊನೆಗೆ ನನ್ನ ಬಳಿ ಇದ್ದದ್ದು ಹದಿನಾಲ್ಕು ರೆಕಾರ್ಡ್. ಅದೇ ಇಪ್ಪತ್ತೆಂಟು ಹಾಡುಗಳ ಕಛೇರಿಯನ್ನು ವರ್ಷವಿಡೀ ಅಭ್ಯಾಸ ಮಾಡಿದೆ. ಕೆಳಗಿನಿಂದ ಅಮ್ಮ, "ಇವತ್ತೂ ಅದೇನಾ?" ಎಂದು ಕೇಳುವುದು ವಾಡಿಕೆಯಾಗಿತ್ತು.

ಹಾಗಾದರೆ ನಮ್ಮ ಹಳೆಯ ಕನ್ನಡ ರೆಕಾರ್ಡ್‌ಗಳು? ಆ ಆಸೆ ನನಗೂ ಇತ್ತು. ಬೆಂಗಳೂರಿಗೆ ಹೋದಾಗಲೆಲ್ಲ ಚಿಕ್ಕಪೇಟೆಯ ಭಾನುವಾರದ ಸಂತೆ ಸುತ್ತಿ, ನಿಮಿಷಕ್ಕೆ 45 ಸುತ್ತಿನ ಸಿನಿಮಾ ಇಪಿಗಳನ್ನು, ಅಂದರೆ ಚಿಕ್ಕ ರೆಕಾರ್ಡುಗಳನ್ನು, ಆರಿಸಿ ತಂದೆ. ಕೇಳಲು ಅಮೃತ, ಮಿಕ್ಸ್ ಮಾಡಲು ಮೊಂಡು. ಎಪ್ಪತ್ತರ ದಶಕದ ಹಾಡನ್ನು ಕಂಪ್ಯೂಟರ್ ನುಡಿಸಿದ್ದಲ್ಲ. ಇಡೀ ವಾದ್ಯವೃಂದ ಸ್ಟುಡಿಯೋದಲ್ಲಿ ಒಟ್ಟಿಗೆ ಕುಳಿತು ನುಡಿಸಿದ್ದು. ಪಲ್ಲವಿಯಲ್ಲಿ ಒಂದು ನಡೆ, ಚರಣಕ್ಕೆ ಬರುವಾಗ ಕೂದಲೆಳೆಯಷ್ಟು ಬೇರೆ ನಡೆ. ಮನುಷ್ಯರು ನುಡಿಸಿದರೆ ಹಾಗೆಯೇ. ಅದರ ಜೊತೆಗೆ ಯಂತ್ರದ ತಾಳವನ್ನು ಓಡಿಸಿದರೆ ಎಂಟು ಆವರ್ತ ಮುಗಿಯುವಷ್ಟರಲ್ಲಿ ಡೊಳ್ಳಿನ ತಂಡದಲ್ಲಿ ಒಬ್ಬ ಹಿಂದೆ ಬಿದ್ದ ಹಾಗೆ ಕೇಳಿಸುತ್ತದೆ. ಕೈ ಪಳಗಿದವರು ಬೆರಳ ತುದಿಯಿಂದ ತಟ್ಟೆಯನ್ನು ತಳ್ಳುತ್ತ, ತಡೆಯುತ್ತ ಸಂಭಾಳಿಸುತ್ತಾರೆ. ನನಗೆ ಅದು ಸಾಧ್ಯವಾದದ್ದು ಐದನೆಯ ವರ್ಷದಲ್ಲಿ.

ಇಷ್ಟಾದರೂ ರೆಕಾರ್ಡ್ ನನಗೆ ಕಲಿಸಿದ್ದನ್ನು ಸಿಡಿ ಕಲಿಸುತ್ತಿರಲಿಲ್ಲ. ಅದರ ಮೇಲೆ ಅಂಕಿಯಿಲ್ಲ, ಪರದೆಯಿಲ್ಲ. ಒಂದು ಹಾಡು ನಿಮಿಷಕ್ಕೆ 120 ಬಡಿತ, ಇನ್ನೊಂದು 123 ಎಂದಿಟ್ಟುಕೊಳ್ಳಿ. ವೇಗದ ಗುಂಡಿಯನ್ನು ಶೇಕಡಾ ಎರಡೂವರೆಯಷ್ಟು ಸರಿಸಬೇಕೆಂದು ಯಾರೂ ಹೇಳುವುದಿಲ್ಲ. ಒಂದು ಕಿವಿಯಲ್ಲಿ ಹೆಡ್‌ಫೋನ್, ಇನ್ನೊಂದರಲ್ಲಿ ಕೋಣೆಯ ಸದ್ದು. ಮುಂದೆ ಓಡುತ್ತಿರುವುದು ಯಾವುದು? ಮೊದಮೊದಲು ಅದೇ ತಿಳಿಯುವುದಿಲ್ಲ. ಕೆಲವು ತಿಂಗಳ ನಂತರ ಒಂದು ದಿನ, ಲೆಕ್ಕವಿಲ್ಲದೆಯೇ ತಿಳಿಯುತ್ತದೆ. ಕಣ್ಣಿಗೂ ಕೆಲಸವಿದೆ. ದೀಪವನ್ನು ಓರೆಯಾಗಿ ಹಿಡಿದರೆ ರೆಕಾರ್ಡಿನ ಗೀರುಗಳಲ್ಲಿ ಸದ್ದು ಜೋರಾದ ಕಡೆ ಒಂದು ಬಣ್ಣ, ಮೆಲ್ಲಗಾದ ಕಡೆ ಒಂದು ಬಣ್ಣ. ಹಾಡು ಎಲ್ಲಿ ತಣ್ಣಗಾಗಿ ಎಲ್ಲಿ ಮತ್ತೆ ಏಳುತ್ತದೆ ಎಂಬುದನ್ನು ಕೇಳುವ ಮೊದಲೇ ನೋಡಬಹುದು.

ಹೊರಗೆ ಹೊತ್ತುಕೊಂಡು ಹೋಗುವವರಿಗೆ ಮಾತ್ರ ಒಂದು ಎಚ್ಚರಿಕೆ. 2013ರಲ್ಲಿ ಚಿಕ್ಕಪ್ಪನ ಮಗಳ ಆರತಕ್ಷತೆಗೆ ಟರ್ನ್‌ಟೇಬಲ್‌ಗಳನ್ನು ಒಯ್ದೆ. ಕಲ್ಯಾಣ ಮಂಟಪದವರು ಹಲಗೆ ಜೋಡಿಸಿ ಮಾಡಿದ ವೇದಿಕೆಯ ಮೇಲೆ ನನ್ನ ಮೇಜನ್ನೂ ದೊಡ್ಡ ಸಬ್‌ವೂಫರ್‌ಗಳನ್ನೂ ಒಟ್ಟಿಗೆ ಇರಿಸಿದ್ದರು. ಸದ್ದು ಏರಿಸಿದ ಕೂಡಲೇ ಸ್ಪೀಕರಿನ ನಡುಕ ಹಲಗೆಗೆ, ಹಲಗೆಯಿಂದ ಮೇಜಿಗೆ, ಮೇಜಿನಿಂದ ಸೂಜಿಗೆ. ಸೂಜಿ ಅದನ್ನೂ ಹಾಡೆಂದು ತಿಳಿದು ಮತ್ತೆ ಸ್ಪೀಕರಿಗೆ ಕಳುಹಿಸಿತು. ಸಭಾಂಗಣವೆಲ್ಲ ಗುಂಯ್ ಎಂದು ಊಳಿಟ್ಟಿತು. ಆಮೇಲೆ ಹುಡುಗರು ಕುಣಿಯಲು ವೇದಿಕೆ ಹತ್ತಿದರು, ಸೂಜಿಯೂ ಕುಣಿಯಿತು. ಚಿಕ್ಕಪ್ಪ ಬಂದು ಮೆಲ್ಲಗೆ, "ಸಾಕು ಬಿಡಪ್ಪ, ವಾಲಗದವರು ಇನ್ನೂ ಹೋಗಿಲ್ಲ" ಎಂದರು. ಅವತ್ತಿನ ಉಳಿದ ರಾತ್ರಿ ನಾದಸ್ವರದ್ದೇ.

ಮರುವರ್ಷ ಸಿಡಿ ಪ್ಲೇಯರ್ ಕೊಂಡೆ. ದೊಡ್ಡ ಜಾಗ್ ವೀಲ್ ಇರುವ ಮಾದರಿ. ಪಯೋನಿಯರ್ 2001ರಲ್ಲಿ ಸಿಡಿಜೆ-1000 ತಂದು, ರೆಕಾರ್ಡಿನಂತೆಯೇ ಕೈಯಲ್ಲಿ ಹಿಡಿದು ಆಡಿಸಬಹುದಾದ ಚಕ್ರವನ್ನು ಸಿಡಿಗೆ ಕೊಟ್ಟ ಮೇಲೆ ಉಳಿದವರೂ ಅದೇ ದಾರಿ ಹಿಡಿದಿದ್ದರು. ಖಾಲಿ ಸಿಡಿ ಆಗ ನನಗೆ ಹತ್ತು ರೂಪಾಯಿಗೆ ಸಿಗುತ್ತಿತ್ತು. ಒಂದೇ ರಾತ್ರಿಯಲ್ಲಿ ನನ್ನ ಭಂಡಾರ ಹತ್ತು ಪಟ್ಟಾಯಿತು. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ತಂಗಿಯ ಪಾರ್ಟಿಗೆ ಹಾಡು ಹಾಕಿ ಹೆಸರಾದ ಡಿಜೆ ಕೂಲ್ ಹರ್ಕ್, ಹಾಡಿನ ತಾಳದ ತುಣುಕನ್ನು ಉದ್ದ ಮಾಡಲು ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಒಂದಾದ ಮೇಲೊಂದರಂತೆ ನುಡಿಸುತ್ತಿದ್ದ. ಆ ಆಟವನ್ನು ನಾನು ಕಲಿತದ್ದು ಸಿಡಿಯಲ್ಲಿ, ಏಕೆಂದರೆ ಎರಡನೆಯ ಪ್ರತಿಗೂ ಹತ್ತೇ ರೂಪಾಯಿ.

ತಪ್ಪಿದಾಗ ನಷ್ಟವಿಲ್ಲ ಎಂಬುದೇ ಕಲಿಯುವವನಿಗೆ ದೊಡ್ಡ ಸೌಕರ್ಯ. ಕ್ಯೂ ಗುಂಡಿ ಒತ್ತಿದರೆ ಗುರುತಿಟ್ಟ ಜಾಗಕ್ಕೇ ಮರಳುತ್ತದೆ, ನೂರು ಸಲ ಒತ್ತಿದರೂ ಹಾಡು ಸವೆಯುವುದಿಲ್ಲ. ವೇಗ ಬದಲಿಸಿದರೂ ಶ್ರುತಿ ಕಾಯುವ ಸೌಲಭ್ಯ ಇನ್ನೊಂದು ವರ. ರೆಕಾರ್ಡಿನಲ್ಲಿ ಶೇಕಡಾ 6ರಷ್ಟು ವೇಗ ಏರಿಸಿದರೆ ಹಾರ್ಮೋನಿಯಂನಲ್ಲಿ ಬಿಳಿ ಮನೆಯಿಂದ ಪಕ್ಕದ ಕರಿ ಮನೆಗೆ ಹೋದಷ್ಟು ಶ್ರುತಿ ಏರುತ್ತದೆ. ಗಂಭೀರ ಕಂಠ ಎಳಸಾಗುತ್ತದೆ. ಸಿಡಿಯಲ್ಲಿ ಆ ಚಿಂತೆ ಇಲ್ಲ.

ಈಗ ದೂರುಗಳು. ಪ್ಲೇಯರಿನ ಪರದೆ ಹಾಡಿನ ಬಡಿತವನ್ನು ಎಣಿಸಿ ತೋರಿಸುತ್ತದೆ. ನಾಲ್ಕರ ನಡೆಯ ಡಿಸ್ಕೋ ಹಾಡಿಗೆ ಸರಿಯಾಗಿ ಹೇಳುತ್ತದೆ. ಆರು ಮಾತ್ರೆಯ ಹಾಡಿಗೆ ಒಮ್ಮೆ 80, ಒಮ್ಮೆ 120 ಎಂದು ಹೊಯ್ದಾಡುತ್ತದೆ. ಏಳು ಮಾತ್ರೆಯ ಭಾವಗೀತೆಗೆ ಅದು ಕೈಚೆಲ್ಲುವುದನ್ನು ನೋಡುವುದೇ ಒಂದು ಮನರಂಜನೆ. ಹೊಸಬರು ಈ ಪರದೆಯನ್ನು ಕಾಗದದ ತುಂಡಿನಿಂದ ಮುಚ್ಚಿ ಅಭ್ಯಾಸ ಮಾಡಬೇಕೆಂಬುದು ನನ್ನ ಹಟ. ಇಲ್ಲದಿದ್ದರೆ ಕಿವಿಯ ಕೆಲಸವನ್ನು ಕಣ್ಣು ಕಸಿದುಕೊಳ್ಳುತ್ತದೆ. ಎರಡನೆಯ ದೂರು ಲೆನ್ಸಿನದು. ಆರನೆಯ ವರ್ಷಕ್ಕೆ ಒಂದು ಪ್ಲೇಯರ್ ಮನೆಯಲ್ಲಿ ಬರೆದ ಸಿಡಿಗಳನ್ನು ಗುರುತಿಸಲು ನಿರಾಕರಿಸಿತು, ಅಂಗಡಿಯಿಂದ ತಂದ ಸಿಡಿಯನ್ನು ಮಾತ್ರ ಒಪ್ಪುತ್ತಿತ್ತು. ಬಿಡಿಭಾಗಕ್ಕೆ ನಾಲ್ಕು ತಿಂಗಳು ಕಾದೆ. ಮೂರನೆಯದು ನನ್ನದೇ ಪೆದ್ದುತನ: ಚಂದ ಕಾಣಲಿ ಎಂದು ಸಿಡಿಗೆ ಕಾಗದದ ಲೇಬಲ್ ಅಂಟಿಸಿದ್ದೆ. ಏಪ್ರಿಲ್ ಸೆಕೆಗೆ ಅದು ಒಳಗೇ ಬಿಚ್ಚಿಕೊಂಡು ಸಿಡಿ ಹೊರಬರಲೇ ಇಲ್ಲ. ಈಗ ಮಾರ್ಕರ್ ಪೆನ್ನಿನ ಬರಹ ಮಾತ್ರ. ಕಿಟಕಿಯ ಬಿಸಿಲಿಗೆ ಬಿಟ್ಟ ಒಂದು ಕಟ್ಟು ಸಿಡಿಗಳು ಎರಡೇ ಬೇಸಿಗೆಗೆ ಕೆಟ್ಟವು. ಚಿಕ್ಕಪೇಟೆಯಿಂದ ತಂದ, ನನಗಿಂತ ಹಿರಿಯ ವಯಸ್ಸಿನ ಇಪಿಗಳು ಬೂಷ್ಟು ಒರೆಸಿದರೆ ಇನ್ನೂ ಹಾಡುತ್ತವೆ.

ಇದೆಲ್ಲಕ್ಕಿಂತ ದೊಡ್ಡ ತೊಂದರೆ ಯಂತ್ರದ್ದಲ್ಲ. ಸಿಡಿ ಬಂದ ವರ್ಷ ನನ್ನ ಬಳಿ ಸಾವಿರಕ್ಕೂ ಹೆಚ್ಚು ಹಾಡುಗಳಾದವು, ಒಂದೂ ಬಾಯಿಪಾಠವಿರಲಿಲ್ಲ. ಹದಿನಾಲ್ಕು ರೆಕಾರ್ಡುಗಳ ಕಾಲದಲ್ಲಿ ಯಾವ ಹಾಡಿನಲ್ಲಿ ಎಷ್ಟನೆಯ ಆವರ್ತಕ್ಕೆ ತಾಳ ನಿಲ್ಲುತ್ತದೆಂದು ನಿದ್ದೆಯಲ್ಲೂ ಹೇಳುತ್ತಿದ್ದೆ. ಕೊನೆಗೆ ಹದಿನಾಲ್ಕೇ ಸಿಡಿಗಳನ್ನು ಒಂದು ಚೀಲಕ್ಕೆ ಹಾಕಿ, ಉಳಿದವನ್ನು ಅಟ್ಟಕ್ಕೇರಿಸಿದೆ. ತಿಂಗಳಿಗೆ ಎರಡು ಹೊಸದು ಒಳಗೆ, ಎರಡು ಹಳೆಯದು ಹೊರಗೆ. ಈ ಕಟ್ಟಳೆಯ ನಂತರವೇ ನನ್ನ ಕೈ ಸುಧಾರಿಸಿದ್ದು.

ಧ್ವನಿಯ ಗುಣಮಟ್ಟದ ಜಗಳಕ್ಕೆ ನಾನು ಬರುವುದಿಲ್ಲ. ಕಲ್ಯಾಣ ಮಂಟಪದ ಸ್ಪೀಕರಿಗೆ ಎರಡೂ ಒಂದೇ. ಕರೆಂಟು ಹೋದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ನನ್ನ ಮಿಕ್ಸರ್ ಮತ್ತು ಸ್ಪೀಕರ್ ಯುಪಿಎಸ್ ಮೇಲಿವೆ, ಟರ್ನ್‌ಟೇಬಲ್‌ಗಳು ಇಲ್ಲ; ಹಾಡು ದನಿ ಇಳಿಸುತ್ತ ಇಳಿಸುತ್ತ ಗೊಗ್ಗರಾಗಿ ನಿಲ್ಲುತ್ತದೆ. ಮಕ್ಕಳಿಗೆ ಅದೇ ಇಷ್ಟ, ಬೇಕೆಂದೇ ಸ್ವಿಚ್ ಆರಿಸುತ್ತಾರೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹೀಗೆ ನೋಡಿ. ಎಂಕೆ2 ಆದರೆ ತಟ್ಟೆಯ ಅಂಚಿನಲ್ಲಿ ಚುಕ್ಕಿಗಳ ನಾಲ್ಕು ಸಾಲುಗಳಿವೆ; ವೇಗದ ಗುಂಡಿ ಸೊನ್ನೆಯಲ್ಲಿರುವಾಗ ಕೆಂಪು ದೀಪದ ಎದುರು ದೊಡ್ಡ ಚುಕ್ಕಿಗಳ ಸಾಲು ನಿಂತಂತೆ ಕಾಣಬೇಕು, ಹರಿದಾಡಿದರೆ ವೇಗ ಸರಿಯಿಲ್ಲ. ಸೂಜಿಯ ತೋಳನ್ನು ಬುಡದಲ್ಲಿ ಮೆಲ್ಲಗೆ ಅಲ್ಲಾಡಿಸಿ, ಸಡಿಲವಿದ್ದರೆ ಬಿಡಿ. ಹಿಂದಿನ ವೋಲ್ಟೇಜ್ ಚೀಟಿಯನ್ನು ತಪ್ಪದೆ ಓದಿ: ಜಪಾನಿನ ಮಾರುಕಟ್ಟೆಗೆ ಮಾಡಿದವು 100 ವೋಲ್ಟ್‌ನವು, ನಮ್ಮ 230ಕ್ಕೆ ನೇರವಾಗಿ ಚುಚ್ಚಿದರೆ ಹೊಗೆಯೇ ಗತಿ. ಮಿಕ್ಸರಿನಲ್ಲಿ ಟರ್ನ್‌ಟೇಬಲ್ ಸಿಕ್ಕಿಸುವ ಫೋನೋ ಒಳದಾರಿ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಸೊಳ್ಳೆ ಹಾಡಿದಂತೆ ಕೇಳಿಸುತ್ತದೆ. ಅರ್ತ್ ತಂತಿ ಸಿಕ್ಕಿಸಲು ಮರೆತರೆ ಗುಂಯ್‌ಗುಡುತ್ತದೆ. ಸಿಡಿ ಪ್ಲೇಯರ್ ನೋಡಲು ಹೋಗುವಾಗ ಮನೆಯಲ್ಲಿ ಬರೆದ ಹಳೆಯ ಸಿಡಿಯನ್ನೇ ಒಯ್ಯಿರಿ, ಒಂದು ಗಂಟೆ ಓಡಿಸಿ ಬಿಸಿಯಾದ ಮೇಲೆ ಮತ್ತೊಮ್ಮೆ ಹಾಕಿ ನೋಡಿ. ಕ್ಯೂ ಗುಂಡಿಯನ್ನು ಇಪ್ಪತ್ತು ಸಲ ಒತ್ತಿ. ಮಾರುವವನು ಗೊಣಗಿದರೂ ಒತ್ತಿ.